ದಿವಾಳಿ ಕಾನೂನು ಮತ್ತು ನಮ್ಮ ಬೆಳೆಗಾರರು



“ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಅದು ಬಡ್ಡಿ ವ್ಯವಹಾರ ಮಾಡುವವರಿಗೆ ಹೇಳಿದ ಮಾತು, ತೋಟ ಮಾಡಿಕೊಂಡಿರುವ ನಮಗಲ್ಲ ಎಂದು ಅನೇಕರು ಭಾವಿಸಿದ್ದಾರೆ. ಆದರೆ ನಮ್ಮ ಕಚೇರಿಗೆ ಬಂದ ಒಂದು ಪ್ರಸಂಗವನ್ನು ಇಲ್ಲಿ ತಿಳಿಸಿದರೆ ಆ ಭಾವನೆ ಎಷ್ಟು ತಪ್ಪು ಎಂಬುದು ಮನವರಿಕೆಯಾದೀತು.

ನಮ್ಮ ಇಬ್ಬರು ಸದಸ್ಯರು ಅಕ್ಕಪಕ್ಕದ ತೋಟದವರು. ಇಬ್ಬರೂ ಒಂದೇ ಖಾಸಗಿ ಕಂಪನಿಗೆ ಹಲವು ವರ್ಷಗಳಿಂದ ಕಾಫಿ ಹಾಕುತ್ತಿದ್ದರು. ಕಾಫಿ ಕೊಟ್ಟು ಬರುವುದು, ದರ ಏರಿದಾಗ ಲೆಕ್ಕ ಮಾಡಿಸಿಕೊಳ್ಳುವುದು, ಇದು ವಾಡಿಕೆ. ಒಂದು ವರ್ಷ ಕಂಪನಿಯ ಹಣ ಬರುವುದು ತಡವಾಯಿತು, ಆಮೇಲೆ ನಿಂತೇ ಹೋಯಿತು. ಆ ಮಳೆಗಾಲದಲ್ಲಿ ಇಬ್ಬರಲ್ಲಿ ಒಬ್ಬರು ಕಣ್ಣಿನ ಚಿಕಿತ್ಸೆಗೆಂದು ಬೆಂಗಳೂರಿನ ಜಯನಗರದಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಲ್ಲಿ ಬೆಳಗಿನ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಸಣ್ಣ ಅಕ್ಷರದ ಒಂದು ಪ್ರಕಟಣೆಯನ್ನು ಅಳಿಯಂದಿರು ಓದಿ ಹೇಳಿದರು. ಆ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಗಿದೆ, ಹಣ ಬರಬೇಕಾದವರು ಇಂಥ ದಿನದೊಳಗೆ ತಮ್ಮ ಕ್ಲೇಮು ಸಲ್ಲಿಸಬೇಕು ಎಂಬುದು ಅದರ ಸಾರಾಂಶ. ಅವರು ಚೀಟಿಗಳನ್ನು ಊರಿನಿಂದ ತರಿಸಿ ಕ್ಲೇಮು ಸಲ್ಲಿಸಿದರು. ಊರಿನಲ್ಲಿದ್ದ ಮತ್ತೊಬ್ಬರಿಗೆ ಆ ಪ್ರಕಟಣೆ ಕಣ್ಣಿಗೇ ಬೀಳಲಿಲ್ಲ. “ಕಂಪನಿಯವರು ಗೊತ್ತಿರುವವರೇ, ಎಲ್ಲಿಗೆ ಹೋಗುತ್ತಾರೆ?” ಎಂದು ಸುಮ್ಮನಿದ್ದರು.

ಕೊನೆಗೆ ಮೊದಲನೆಯವರಿಗೆ ಬಂದುದೂ ಹೇಳಿಕೊಳ್ಳುವಂಥ ಮೊತ್ತವಲ್ಲ, ರೂಪಾಯಿಗೆ ಕೆಲವು ಪೈಸೆ ಮಾತ್ರ. ಎರಡನೆಯವರಿಗೆ ಅದೂ ಬರಲಿಲ್ಲ. ವಿಚಾರಿಸಿದಾಗ, “ನಿಮ್ಮ ಬಾಕಿ ಕಾನೂನಿನ ದೃಷ್ಟಿಯಲ್ಲಿ ಈಗ ಇಲ್ಲವೇ ಇಲ್ಲ” ಎಂಬ ಉತ್ತರ ಬಂತು. ಚೀಟಿಗಳ ಕಟ್ಟನ್ನು ನಮ್ಮ ಮೇಜಿನ ಮೇಲಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ: “ನಾನು ಸಾಲ ಕೊಟ್ಟವನೇ ಅಲ್ಲವಲ್ಲ ಸ್ವಾಮಿ, ಕಾಫಿ ಕೊಟ್ಟವನು. ನನಗೇಕೆ ಈ ಗತಿ?”

ಆ ಪ್ರಶ್ನೆಗೆ ಉತ್ತರ ಕೊಡುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಪೂಲ್ ಪದ್ಧತಿಯ ಕಾಲ ಮತ್ತು ಈಗ

1942ರ ಕಾಫಿ ಕಾಯಿದೆಯ ಕೆಳಗೆ ಪೂಲ್ ಪದ್ಧತಿ ನಡೆಯುತ್ತಿದ್ದಾಗ ನಮ್ಮ ಹಿರಿಯರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸುತ್ತಿದ್ದರು. ಹಣ ಕಂತುಕಂತಾಗಿ ಬರುತ್ತಿತ್ತು. ತಡವಾಗುತ್ತದೆಂದು ಬೋರ್ಡನ್ನು ಬಯ್ಯದ ಬೆಳೆಗಾರನಿರಲಿಲ್ಲ. ಆದರೆ ಕೊಂಡವನು ದಿವಾಳಿಯಾದಾನೆಂಬ ಭಯ ಯಾರಿಗೂ ಇರಲಿಲ್ಲ. 1990ರ ದಶಕದ ಮಧ್ಯಭಾಗದ ಹೊತ್ತಿಗೆ ಆ ಪದ್ಧತಿ ಕೊನೆಗೊಂಡು ಮಾರಾಟದ ಸ್ವಾತಂತ್ರ್ಯ ನಮ್ಮ ಕೈಗೆ ಬಂತು. ಅದರಿಂದ ಲಾಭವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ದಿನದಿಂದ ಇನ್ನೊಂದು ಸಂಗತಿಯೂ ನಡೆದಿದೆ. ಸರಕು ಕೊಟ್ಟು ಹಣಕ್ಕೆ ಕಾಯುವ ಪ್ರತಿಯೊಬ್ಬ ಬೆಳೆಗಾರನೂ ಕೊಂಡವನಿಗೆ ಬಡ್ಡಿಯಿಲ್ಲದೆ, ಆಧಾರವಿಲ್ಲದೆ ಸಾಲ ಕೊಟ್ಟಂತಾಗಿದೆ. ಕಾಫಿಗೆ ಹೇಳಿದ ಈ ಮಾತು ಅಡಿಕೆಗೂ ಮೆಣಸಿಗೂ ಅನ್ವಯಿಸುತ್ತದೆ. ಕಾಫಿ ಕೊಟ್ಟವನೂ ಸಾಲ ಕೊಟ್ಟವನೇ ಎಂಬುದು ನಮ್ಮ ಸದಸ್ಯರ ಪ್ರಶ್ನೆಗೆ ಮೊದಲ ಉತ್ತರ.

ನಮ್ಮ ಆಡುಮಾತಿನಲ್ಲಿ ದಿವಾಳಿ ಎದ್ದ, ಪಾಪರ್ ಆದ ಎಂದು ಯಾರ ವಿಷಯದಲ್ಲಾದರೂ ಒಂದೇ ಮಾತು ಹೇಳುತ್ತೇವೆ. ಕಾನೂನು ಹಾಗಲ್ಲ. ಹಣ ಕೊಡಲಾರದೆ ಹೋದವನು ಕಂಪನಿಯೇ, ಬ್ಯಾಂಕೇ, ಒಬ್ಬ ವ್ಯಕ್ತಿಯೇ ಎಂಬುದರ ಮೇಲೆ ಬೇರೆ ಬೇರೆ ದಾರಿಗಳಿವೆ. ಪ್ರತಿ ದಾರಿಯಲ್ಲೂ ಹಣ ಬರಬೇಕಾದವರನ್ನು ಸಾಲಾಗಿ ನಿಲ್ಲಿಸುತ್ತಾರೆ. ನಾವು ಯಾವ ದಾರಿಯಲ್ಲಿ, ಯಾವ ಸಾಲಿನಲ್ಲಿ ನಿಲ್ಲುತ್ತೇವೆ ಎಂಬುದು ದಿವಾಳಿಯಾದ ದಿನ ತೀರ್ಮಾನವಾಗುವ ವಿಷಯವಲ್ಲ, ನಾವು ಸರಕನ್ನೋ ಹಣವನ್ನೋ ಸಹಿಯನ್ನೋ ಕೊಟ್ಟ ದಿನವೇ ತೀರ್ಮಾನವಾಗಿರುತ್ತದೆ. ಈ ಲೇಖನದ ಸಾರ ಇಷ್ಟೇ.

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿದ್ದಾರೆ. ತೋಟದ ಉಳಿತಾಯದ ಹಣ ಅಲ್ಲಿಯ ಬ್ಯಾಂಕುಗಳಲ್ಲಿದೆ, ಮಕ್ಕಳ ವ್ಯಾಪಾರದಲ್ಲಿದೆ. ಆದುದರಿಂದ ದಕ್ಷಿಣ ಬೆಂಗಳೂರಿನ ಕೆಲವು ಉದಾಹರಣೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇವೆ.

ಕಂಪನಿ ದಿವಾಳಿಯಾದರೆ

ಕಂಪನಿಗಳಿಗೆ ಈಗ ಅನ್ವಯಿಸುವುದು 2016ರ ದಿವಾಳಿ ಸಂಹಿತೆ. ಕಂಪನಿಗಳಿಗೆ ಸಂಬಂಧಿಸಿದ ಅದರ ಭಾಗ 2016ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಬಾಕಿ ಉಳಿಸಿಕೊಂಡ ಕಂಪನಿಯ ವಿರುದ್ಧ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹೋಗುತ್ತದೆ. ಅರ್ಜಿ ಅಂಗೀಕಾರವಾದ ಕೂಡಲೇ ಮೂರು ಸಂಗತಿಗಳು ನಡೆಯುತ್ತವೆ. ಕಂಪನಿಯ ಆಡಳಿತ ನಿರ್ದೇಶಕರ ಕೈಯಿಂದ ತಪ್ಪಿ, ನ್ಯಾಯಮಂಡಳಿ ನೇಮಿಸಿದ ವೃತ್ತಿಪರ ಅಧಿಕಾರಿಯ ಕೈಗೆ ಹೋಗುತ್ತದೆ. ಕಂಪನಿಯ ಮೇಲಿನ ದಾವೆ, ಜಪ್ತಿ, ವಸೂಲಿಗಳಿಗೆಲ್ಲ ತಡೆ ಬೀಳುತ್ತದೆ. ಬ್ಯಾಂಕು ಮೊದಲಾಗಿ ಹಣವನ್ನೇ ಸಾಲ ಕೊಟ್ಟವರೆಲ್ಲ ಸೇರಿ ಸಾಲದಾತರ ಸಮಿತಿಯಾಗುತ್ತದೆ. ಕಂಪನಿಯನ್ನು ಯಾರು ವಹಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ಯೋಜನೆಯನ್ನು ಆ ಸಮಿತಿ ಶೇಕಡಾ 66 ಮತಗಳಿಂದ ಒಪ್ಪಬೇಕು. ಯೋಜನೆ ಕೂಡಿಬರದಿದ್ದರೆ ಕಂಪನಿಯ ಆಸ್ತಿ ಮಾರಿ ಹಂಚುವುದು.

ಸರಕು ಕೊಟ್ಟವರು, ಕೆಲಸ ಮಾಡಿಕೊಟ್ಟವರು ಈ ಸಂಹಿತೆಯಲ್ಲಿ ಬೇರೆಯೇ ವರ್ಗ. ನಾವು ಅವರನ್ನು ವ್ಯವಹಾರದ ಸಾಲದಾತರು ಎನ್ನೋಣ. ಇವರಿಗೆ ಸಮಿತಿಯಲ್ಲಿ ಮತವಿಲ್ಲ. ಕಂಪನಿಯ ಆಸ್ತಿ ಮಾರಿ ಬಂದ ಹಣವನ್ನು ಹಂಚುವ ಕ್ರಮ ಸಂಹಿತೆಯ 53ನೇ ಕಲಮಿನಲ್ಲಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅವರ ಜೊತೆಯಲ್ಲೇ ಆಸ್ತಿಯ ಆಧಾರದ ಮೇಲೆ ಸಾಲ ಕೊಟ್ಟವರು. ನಂತರ ಇತರ ನೌಕರರ 12 ತಿಂಗಳ ಬಾಕಿ. ಅನಂತರ ಆಧಾರವಿಲ್ಲದೆ ಹಣ ಸಾಲ ಕೊಟ್ಟವರು. ಅವರ ಹಿಂದೆ ಸರ್ಕಾರದ ಬಾಕಿ. ಇವೆಲ್ಲ ತೀರಿ ಮಿಕ್ಕಿದ್ದರೆ ಉಳಿದ ಸಾಲಗಳಿಗೆ. ಕಾಫಿ, ಅಡಿಕೆ ಕೊಟ್ಟ ನಾವು ಈ ಉಳಿದವರ ಸಾಲಿನಲ್ಲಿದ್ದೇವೆ. ನಮ್ಮ ಹಿಂದೆ ಇರುವವರು ಕಂಪನಿಯ ಷೇರುದಾರರು ಮಾತ್ರ.

ಇದು ಅನ್ಯಾಯವೆಂದು ಸುಪ್ರೀಂ ಕೋರ್ಟಿನಲ್ಲಿ ವಾದಗಳು ನಡೆದಿವೆ. 2019ರ ಜನವರಿಯ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿಯೂ ಅದೇ ವರ್ಷದ ನವೆಂಬರಿನ ಎಸ್ಸಾರ್ ಸ್ಟೀಲ್ ತೀರ್ಪಿನಲ್ಲಿಯೂ ಈ ವರ್ಗಭೇದವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆಸ್ತಿ ಮಾರಿದ್ದರೆ ತಮ್ಮ ಸಾಲಿನಲ್ಲಿ ಎಷ್ಟು ಸಿಗುತ್ತಿತ್ತೋ ಅದಕ್ಕಿಂತ ಕಡಿಮೆಯನ್ನು ಯೋಜನೆಯಲ್ಲಿ ಕೊಡಕೂಡದು ಎಂಬ ರಕ್ಷಣೆ ವ್ಯವಹಾರದ ಸಾಲದಾತರಿಗೆ ಉಂಟು. ಆದರೆ ಕೊನೆಯ ಸಾಲಿನವರಿಗೆ ಆ ಲೆಕ್ಕ ಅನೇಕ ವೇಳೆ ಸೊನ್ನೆಯೇ ಆಗಿರುತ್ತದೆ.

ಇನ್ನೊಂದು ಮುಖ್ಯ ಬದಲಾವಣೆಯನ್ನು ಗಮನಿಸಬೇಕು. ಮೊದಲು 1 ಲಕ್ಷ ರೂಪಾಯಿ ಬಾಕಿಯಿದ್ದರೂ ಕಂಪನಿಯ ವಿರುದ್ಧ ಅರ್ಜಿ ಹಾಕಬಹುದಾಗಿತ್ತು. 2020ರ ಮಾರ್ಚ್ 24ರಂದು ಈ ಮಿತಿಯನ್ನು 1 ಕೋಟಿ ರೂಪಾಯಿಗೆ ಏರಿಸಲಾಯಿತು. ಐದೋ ಹತ್ತೋ ಲಕ್ಷ ಬಾಕಿಯಿರುವ ಸಣ್ಣ ಬೆಳೆಗಾರನಿಗೆ ಆ ಬಾಗಿಲು ಹೀಗೆ ಮುಚ್ಚಿತು. ಬೇರೆಯವರು ಬಾಗಿಲು ತೆರೆದಾಗ ಒಳಗೆ ಹೋಗಿ ತನ್ನ ಕ್ಲೇಮು ಸಲ್ಲಿಸುವುದೊಂದೇ ಅವನಿಗೆ ಉಳಿದಿರುವುದು. ಆದುದರಿಂದಲೇ ಆ ಪ್ರಕಟಣೆಗೆ ಇಷ್ಟು ಮಹತ್ವ.

ಎರಡು ಉದಾಹರಣೆಗಳು

ಬಿ.ಟಿ.ಎಂ. ಬಡಾವಣೆಗೆ ಸಮೀಪದ ಬನ್ನೇರುಘಟ್ಟ ರಸ್ತೆಯಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಬೈಜೂಸ್ ಕಂಪನಿಯ ಹೆಸರನ್ನು ಕೇಳದವರಿಲ್ಲ. ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರು ಹಾಕಿಸಿದ್ದಕ್ಕೆ ಕೊಡಬೇಕಾದ 158.9 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ನಿಯಂತ್ರಣ ಮಂಡಳಿ ಅರ್ಜಿ ಹಾಕಿತು. 2024ರ ಜುಲೈ 16ರಂದು ಬೆಂಗಳೂರಿನ ನ್ಯಾಯಮಂಡಳಿ ಅದನ್ನು ಅಂಗೀಕರಿಸಿತು. ಮಂಡಳಿಯೊಡನೆ ರಾಜಿಯಾಯಿತೆಂದು ಆಗಸ್ಟ್ 2ರಂದು ಮೇಲ್ಮನವಿ ನ್ಯಾಯಮಂಡಳಿ ಪ್ರಕ್ರಿಯೆಯನ್ನೇ ನಿಲ್ಲಿಸಿತು. ಅಮೆರಿಕದ ಸಾಲದಾತರ ಪರವಾಗಿ ಒಂದು ಟ್ರಸ್ಟ್ ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿ, ರಾಜಿಯ ಹಣವನ್ನು ಸಾಲದಾತರ ಸಮಿತಿಯ ವಶದಲ್ಲಿಡುವಂತೆ ಹೇಳಿತು.

ಇದರಲ್ಲಿ ನಮಗೆ ಪಾಠವೇನು? ಒಮ್ಮೆ ಅರ್ಜಿ ಅಂಗೀಕಾರವಾಯಿತೆಂದರೆ ಅದು ಇಬ್ಬರ ಜಗಳವಾಗಿ ಉಳಿಯುವುದಿಲ್ಲ, ಸಾಲ ಕೊಟ್ಟವರೆಲ್ಲರ ವ್ಯವಹಾರವಾಗುತ್ತದೆ. ಹಿಂತೆಗೆದುಕೊಳ್ಳಬೇಕಾದರೂ ಅದಕ್ಕೆ ಗೊತ್ತಾದ ಕ್ರಮವಿದೆ. “ನನ್ನ ಬಾಕಿಯೊಂದನ್ನು ಗುಟ್ಟಾಗಿ ತೀರಿಸಿಬಿಡಿ” ಎಂದು ಕಂಪನಿಯವರನ್ನು ಕೇಳಿಕೊಳ್ಳುವ ಕಾಲ ಆ ದಿನಕ್ಕೆ ಮುಗಿಯುತ್ತದೆ.

ಎರಡನೆಯದು ಮಲೆನಾಡಿಗೆ ಹತ್ತಿರದ ಹೆಸರು, ಕಾಫಿ ಡೇ. ಸ್ಥಾಪಕರಾದ ವಿ.ಜಿ. ಸಿದ್ಧಾರ್ಥ ಅವರು 2019ರ ಜುಲೈ ಕೊನೆಯಲ್ಲಿ ತೀರಿಕೊಂಡ ಮೇಲೆ ಸಮೂಹದ ಸಾಲದ ಭಾರ ಎಲ್ಲರಿಗೂ ತಿಳಿಯಿತು. 2023ರ ಜುಲೈ 20ರಂದು ಕಾಫಿ ಡೇ ಗ್ಲೋಬಲ್ ಮೇಲೆ, ಒಂದು ಬ್ಯಾಂಕಿನ ಸುಮಾರು 94 ಕೋಟಿ ರೂಪಾಯಿ ಬಾಕಿಯ ಅರ್ಜಿ ಅಂಗೀಕಾರವಾಯಿತು. ಮರುತಿಂಗಳಲ್ಲೇ ಮೇಲ್ಮನವಿ ನ್ಯಾಯಮಂಡಳಿಯ ತಡೆ ಬಂತು, ಮುಂದೆ ಆ ಬಾಕಿ ರಾಜಿಯಾಯಿತು. 2024ರ ಆಗಸ್ಟ್ 8ರಂದು ಮಾತೃ ಸಂಸ್ಥೆಯಾದ ಕಾಫಿ ಡೇ ಎಂಟರ್‌ಪ್ರೈಸಸ್ ಮೇಲೆ 228.45 ಕೋಟಿ ರೂಪಾಯಿ ಬಾಕಿಗಾಗಿ ಮತ್ತೊಂದು ಅರ್ಜಿ ಅಂಗೀಕಾರವಾಗಿ, ಅದಕ್ಕೂ ತಡೆ ಬಂದು, 2025ರ ಫೆಬ್ರವರಿ ಕೊನೆಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಪಡಿಸಿತು. ಅರ್ಜಿ ಅಂಗೀಕಾರವಾದ ಮಾತ್ರಕ್ಕೆ ಕಂಪನಿ ಮುಳುಗಿತೆಂದು ಅರ್ಥವಲ್ಲ ಎಂಬುದನ್ನು ಇದರಿಂದ ತಿಳಿಯಬೇಕು. ಅಂಥ ಸುದ್ದಿ ಬಂದಾಗ ಗಾಬರಿಯಾಗುವುದೂ ಬೇಡ, ಸುಮ್ಮನಿರುವುದೂ ಬೇಡ. ಚೀಟಿಗಳನ್ನು ಜೋಡಿಸಿಟ್ಟುಕೊಳ್ಳಿ.

ಕ್ಲೇಮು ಸಲ್ಲಿಸುವ ಬಗೆ

ಪ್ರಕ್ರಿಯೆ ಆರಂಭವಾದಾಗ ಕಂಪನಿಯ ನೋಂದಾಯಿತ ಕಚೇರಿ ಮತ್ತು ಪ್ರಧಾನ ಕಚೇರಿ ಇರುವ ಕಡೆಯ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಕಚೇರಿ ಬೆಂಗಳೂರಿನಲ್ಲಿದ್ದರೆ ಪ್ರಕಟಣೆಯೂ ಬೆಂಗಳೂರಿನದೇ. ಮೂಡಿಗೆರೆಗೋ ಸಿದ್ದಾಪುರಕ್ಕೋ ಬರುವ ಆವೃತ್ತಿಯಲ್ಲಿ ಅದು ಇರಬೇಕೆಂದಿಲ್ಲ. ಭಾರತೀಯ ದಿವಾಳಿ ಮಂಡಳಿಯ ಜಾಲತಾಣದಲ್ಲಿಯೂ ಪ್ರಕಟಣೆಗಳು ಸಿಗುತ್ತವೆ. ಬೆಂಗಳೂರಿನಲ್ಲಿರುವ ಮಕ್ಕಳಿಗೆ, “ನಾವು ಸರಕು ಕೊಡುವ ಕಂಪನಿಯ ಹೆಸರು ಇದು, ಕಣ್ಣಿಟ್ಟಿರು” ಎಂದು ಹೇಳಿಡುವುದು ಒಳ್ಳೆಯದು.

ಸರಕು ಕೊಟ್ಟವರು ತುಂಬಬೇಕಾದುದು ‘ಬಿ’ ನಮೂನೆ. ಅದಕ್ಕೆ ಶುಲ್ಕವಿಲ್ಲ, ಅಂಚೆಯಲ್ಲಿ ಕಳುಹಿಸಿದರೂ ಸಲ್ಲುತ್ತದೆ. ಸರಕು ಕೊಟ್ಟ ಚೀಟಿ, ಬಿಲ್ಲು, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಪತ್ರವ್ಯವಹಾರ, ಇವು ಜೊತೆಗಿರಬೇಕು. ತಡವಾಗಿದ್ದರೆ ಕಾರಣ ಬರೆದು ಕೂಡಲೇ ಕಳುಹಿಸಬೇಕು. ಯೋಜನೆಗೆ ನ್ಯಾಯಮಂಡಳಿಯ ಒಪ್ಪಿಗೆ ಬಿದ್ದ ಮೇಲೆ ಮಾಡುವಂಥದು ಏನೂ ಉಳಿಯುವುದಿಲ್ಲ. 2021ರ ಏಪ್ರಿಲ್ 13ರಂದು ಘನಶ್ಯಾಮ ಮಿಶ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯೋಜನೆಯಲ್ಲಿ ಸೇರದ ಹಳೆಯ ಬಾಕಿಗಳೆಲ್ಲ ಅಳಿದುಹೋಗುತ್ತವೆ ಎಂದು ತೀರ್ಪು ಕೊಟ್ಟಿದೆ. ಹೊಸ ಮಾಲೀಕ ಹಳೆಯ ಸ್ಲೇಟನ್ನು ಒರಸಿಕೊಂಡೇ ಒಳಗೆ ಬರುತ್ತಾನೆ. ನಮ್ಮ ಎರಡನೆಯ ಸದಸ್ಯರಿಗೆ ಆದದ್ದು ಇದೇ.

ಚೀಟಿಯ ಮೇಲಿನ ಒಂದು ಮಾತು

ಮೊದಲನೆಯ ಸದಸ್ಯರ ಬಳಿ ಎರಡು ಬಗೆಯ ಚೀಟಿಗಳಿದ್ದವು. ಹೆಚ್ಚಿನವುಗಳ ಮೇಲೆ ‘ಖರೀದಿ, ದರ ಆಮೇಲೆ’ ಎಂದಿತ್ತು. ಒಂದರ ಮೇಲೆ ಮಾತ್ರ, ‘ಕ್ಯೂರಿಂಗ್ ಸಲುವಾಗಿ ಸ್ವೀಕರಿಸಿದೆ’ ಎಂದು ಬರೆದು ಅವರ ಹೆಸರೂ ಮೂಟೆಗಳ ಸಂಖ್ಯೆಯೂ ಇತ್ತು. ಖರೀದಿಯ ಚೀಟಿಗಳಿಗೆ ರೂಪಾಯಿಗೆ ಕೆಲವು ಪೈಸೆ ಬಂದರೆ, ಆ ಒಂದು ಚೀಟಿಯ ಕಾಫಿಯನ್ನು, ಬಹಳ ಪತ್ರ ಬರೆದ ಮೇಲಾದರೂ, ಅವರಿಗೆ ಹಿಂದಕ್ಕೆ ಕೊಡಲಾಯಿತು.

ಇದರ ಗುಟ್ಟು ಸಂಹಿತೆಯ 18ನೇ ಕಲಮಿನ ವಿವರಣೆಯಲ್ಲಿದೆ. ಬೇರೆಯವರ ಸ್ವತ್ತನ್ನು ಕಂಪನಿ ಕಾಪಿಡಲೆಂದೋ ಕೆಲಸ ಮಾಡಿಕೊಡಲೆಂದೋ ಕರಾರಿನ ಮೇಲೆ ಇಟ್ಟುಕೊಂಡಿದ್ದರೆ ಅದು ಕಂಪನಿಯ ಆಸ್ತಿಯಲ್ಲ, ಸಾಲದಾತರಿಗೆ ಅದನ್ನು ಹಂಚುವಂತಿಲ್ಲ. ಅಂದರೆ ಒಂದೇ ಗೋದಾಮಿನಲ್ಲಿರುವ ಎರಡು ಮೂಟೆಗಳಲ್ಲಿ ಒಂದು ಕಂಪನಿಯದು, ಇನ್ನೊಂದು ನಮ್ಮದು. ಎರಡಕ್ಕೂ ಇರುವ ಅಂತರ ಚೀಟಿಯ ಮೇಲಿನ ಒಂದು ಮಾತು.

ದರ ನಿಗದಿಯಾಗಿಲ್ಲವಲ್ಲ, ಅಲ್ಲಿಯವರೆಗೆ ಕಾಫಿ ನಮ್ಮದೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಾಗೆ ತಿಳಿಯಬಾರದು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ದರವನ್ನು ಆಮೇಲೆ ಗೊತ್ತುಮಾಡುವ ಕರಾರಿನ ಮೇಲೂ ಮಾರಾಟ ನಡೆಯಬಹುದು. ಮಾಲೀಕತ್ವ ಯಾವಾಗ ಕೈಬದಲಾಗಬೇಕೆಂಬುದು ಇಬ್ಬರ ಉದ್ದೇಶದ ಮೇಲೆ ನಿಲ್ಲುತ್ತದೆ, ಆ ಉದ್ದೇಶಕ್ಕೆ ಸಾಕ್ಷಿ ಚೀಟಿ. ಇತರರ ಕಾಫಿಯೊಡನೆ ನಮ್ಮದೂ ಕಲೆತುಹೋಗಿದ್ದರೆ ನಮ್ಮದೆಂದು ಸಾಧಿಸುವುದು ಇನ್ನೂ ಕಷ್ಟ. ಆದುದರಿಂದ ಮಾರುವ ಮನಸ್ಸಿಲ್ಲದೆ ಇಡುವ ಸರಕಿಗೆ, ‘ಮಾಲೀಕರ ಸ್ವತ್ತು, ಮಾರಾಟವಾಗಿಲ್ಲ’ ಎಂದು ಬರೆಸಿ, ತೂಕ, ಮೂಟೆ, ತಾರೀಖು, ಸಹಿ ಹಾಕಿಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವರ ಬಳಿ ಇಡದಿರುವುದೇ ಮೇಲು.

ಕೊಂಡವನು ಕಂಪನಿಯಲ್ಲದೆ ಒಬ್ಬ ವ್ಯಾಪಾರಿಯಾಗಿದ್ದರೆ ಈ ಸಂಹಿತೆ ಅಲ್ಲಿಗೆ ತಲುಪುವುದಿಲ್ಲ. ಆಗ ಸಿವಿಲ್ ದಾವೆಯೇ ದಾರಿ, ಸಾಮಾನ್ಯವಾಗಿ ಮೂರು ವರ್ಷದೊಳಗೆ ಹಾಕಬೇಕು. ಚೆಕ್ಕು ಕೊಟ್ಟು ಅದು ಹಿಂದಿರುಗಿದ್ದರೆ, ತಿಳಿದ 30 ದಿನದೊಳಗೆ ನೋಟಿಸು ಕೊಟ್ಟು, 15 ದಿನ ಕಾದು, ಆಮೇಲಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ಕೊಡಬಹುದು. ಕಂಪನಿಯ ಚೆಕ್ಕಾಗಿದ್ದು ಕಂಪನಿಗೆ ದಿವಾಳಿ ತಡೆಯ ರಕ್ಷಣೆ ಬಂದಿದ್ದರೂ, ಹೊಣೆಗಾರ ನಿರ್ದೇಶಕರ ಮೇಲಿನ ಚೆಕ್ ಮೊಕದ್ದಮೆ ನಿಲ್ಲುವುದಿಲ್ಲ ಎಂದು 2021ರ ಮಾರ್ಚ್ 1ರಂದು ಸುಪ್ರೀಂ ಕೋರ್ಟು ಹೇಳಿದೆ.

ಠೇವಣಿ ಇಟ್ಟ ಬ್ಯಾಂಕು ನಿಂತರೆ

ಇನ್ನು ಉಳಿತಾಯದ ಹಣ. ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ವಿಷಯ ದಕ್ಷಿಣ ಬೆಂಗಳೂರಿನ ಮನೆಮನೆಗೂ ಗೊತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರೊಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದು ಆದೇಶಿಸಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಯೇ ಇಟ್ಟಿದ್ದ ವೃದ್ಧರು ಬ್ಯಾಂಕಿನ ಮುಂದೆ ಸಾಲುಗಟ್ಟಿ ನಿಂತರು.

ಬ್ಯಾಂಕುಗಳು ದಿವಾಳಿ ಸಂಹಿತೆಗೆ ಒಳಪಡುವುದಿಲ್ಲ. ಅಲ್ಲಿ ನಮಗಿರುವ ರಕ್ಷಣೆ ಠೇವಣಿ ವಿಮೆ. 1993ರಿಂದ 1 ಲಕ್ಷ ರೂಪಾಯಿ ಇದ್ದ ಅದರ ಮಿತಿಯನ್ನು 2020ರ ಫೆಬ್ರವರಿ 4ರಿಂದ 5 ಲಕ್ಷಕ್ಕೆ ಏರಿಸಲಾಯಿತು. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ಬ್ಯಾಂಕು ಮುಚ್ಚುವವರೆಗೆ ಕಾಯದೆ, ಇಂಥ ನಿರ್ಬಂಧ ಬಿದ್ದ 90 ದಿನಗಳಲ್ಲಿಯೇ ವಿಮೆಯ ಹಣ ಕೊಡುವ ವ್ಯವಸ್ಥೆಯಾಯಿತು. ಗುರುರಾಘವೇಂದ್ರ ಬ್ಯಾಂಕಿನ ಠೇವಣಿದಾರರಿಗೆ 5 ಲಕ್ಷದವರೆಗಿನ ಹಣ ಬಂದುದು ಈ ತಿದ್ದುಪಡಿಯ ನಂತರವೇ. ಅದಕ್ಕಿಂತ ಹೆಚ್ಚು ಇಟ್ಟಿದ್ದವರ ಮಿಕ್ಕ ಹಣಕ್ಕೆ ಈ ವಿಮೆ ಹೊಣೆಯಲ್ಲ.

ಈ 5 ಲಕ್ಷ ಎಂಬುದು ಒಂದು ಖಾತೆಗಲ್ಲ. ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ. ಜಯನಗರ ಶಾಖೆಯಲ್ಲಿ 4, ಬನಶಂಕರಿ ಶಾಖೆಯಲ್ಲಿ 4 ಎಂದು ಒಂದೇ ಬ್ಯಾಂಕಿನಲ್ಲಿಟ್ಟರೆ ರಕ್ಷಣೆ 8 ಲಕ್ಷಕ್ಕಲ್ಲ, 5 ಲಕ್ಷಕ್ಕೆ. ಬೇರೆ ಬೇರೆ ಬ್ಯಾಂಕುಗಳಲ್ಲಿಟ್ಟರೆ ಪ್ರತ್ಯೇಕ ಲೆಕ್ಕ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಇಲ್ಲ. ನಮ್ಮ ಸಂಘದಲ್ಲಿ ತಾವು ಇಟ್ಟಿರುವ ಠೇವಣಿಗೂ ಇಲ್ಲ. ಕಾರ್ಯದರ್ಶಿಯ ಸ್ಥಾನದಲ್ಲಿ ಕುಳಿತು ಇದನ್ನು ಬರೆಯುವುದು ನಮಗೆ ಹಿತವಾದ ಕೆಲಸವಲ್ಲ. ಆದರೆ ಬೇರೆಯವರ ಚೀಟಿಯನ್ನು ಓದಿ ನೋಡಿ ಎಂದು ಹೇಳುವ ನಾವು ನಮ್ಮದನ್ನು ಮರೆಮಾಡಿದರೆ ಈ ಲೇಖನಕ್ಕೆ ಬೆಲೆಯಿಲ್ಲ. ಸಂಘದ ಠೇವಣಿಗೆ ಇರುವ ಕಾವಲು ಸದಸ್ಯರ ಕಣ್ಣು. ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧನೆಯ ವರದಿಯನ್ನು ಓದಿ, ಸಾಲದ ಬಾಕಿ ಎಷ್ಟು, ಯಾರಲ್ಲಿ ಎಂದು ಮಹಾಸಭೆಯಲ್ಲಿ ಕೇಳಿ. ಊಟದ ಹೊತ್ತಿಗೆ ಬಂದು ಹೋಗುವ ಮಹಾಸಭೆಯಿಂದ ಯಾರ ಹಣವೂ ಭದ್ರವಾಗದು.

ಜಾಮೀನಿನ ಸಹಿ

ಮೂರನೆಯದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಮಗನೋ ಮಗಳೋ ಜೆ.ಪಿ. ನಗರದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯುತ್ತಾರೆ. ಬ್ಯಾಂಕಿನವರು ಸಾಲಕ್ಕೆ ಜಾಮೀನು ಕೇಳುತ್ತಾರೆ. ಊರಿನಿಂದ ಅಪ್ಪ ಹೋಗಿ ಸಹಿ ಹಾಕಿ, ಮಧ್ಯಾಹ್ನದ ಊಟ ಮುಗಿಸಿ, ರಾತ್ರಿ ಬಸ್ಸಿಗೆ ಹಿಂದಿರುಗುತ್ತಾರೆ. ಕಂಪನಿ ಲಿಮಿಟೆಡ್, ಹೊಣೆಯೂ ಲಿಮಿಟೆಡ್ ಎಂದು ಸಮಾಧಾನ. ಆದರೆ ಲಿಮಿಟೆಡ್ ಆಗಿರುವುದು ಷೇರುದಾರನ ಹೊಣೆ, ಜಾಮೀನುದಾರನದಲ್ಲ. ಕರಾರು ಕಾಯಿದೆಯ 128ನೇ ಕಲಮಿನಂತೆ, ಬೇರೆ ಷರತ್ತು ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮಸಮ. ಬ್ಯಾಂಕು ಮೊದಲು ಕಂಪನಿಯನ್ನು ಹಿಡಿಯಲೇಬೇಕೆಂಬ ನಿಯಮವಿಲ್ಲ.

ಕಂಪನಿ ಸಾಲದ ವೈಯಕ್ತಿಕ ಜಾಮೀನುದಾರರಿಗೆ ದಿವಾಳಿ ಸಂಹಿತೆ 2019ರ ಡಿಸೆಂಬರ್ 1ರಿಂದ ಅನ್ವಯವಾಗಿದೆ. 2021ರ ಮೇ 21ರಂದು ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯುತ್ತ, ಯೋಜನೆ ಒಪ್ಪಿಗೆಯಾಗಿ ಕಂಪನಿ ಸಾಲದಿಂದ ಬಿಡುಗಡೆಯಾದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆಯಾಗುವುದಿಲ್ಲ ಎಂದಿತು. ಕಂಪನಿಯ ವಿರುದ್ಧ ಅರ್ಜಿಗೆ 1 ಕೋಟಿ ರೂಪಾಯಿ ಬಾಕಿ ಬೇಕು. ಜಾಮೀನುದಾರನ ವಿರುದ್ಧದ ಅರ್ಜಿಗೆ ಸಂಹಿತೆ ಇಟ್ಟ ಮಿತಿ 1,000 ರೂಪಾಯಿ. ಅರ್ಜಿಯ ವಿಚಾರಣೆ ತಾಲ್ಲೂಕಿನ ಕೋರ್ಟಿನಲ್ಲಲ್ಲ, ಬೆಂಗಳೂರಿನ ನ್ಯಾಯಮಂಡಳಿಯಲ್ಲಿ.

ವಿಜಯ್ ಮಲ್ಯರ ಪ್ರಕರಣದ ಬೇರೆ ಸಂಗತಿಗಳು ಏನೇ ಇರಲಿ, ಬ್ಯಾಂಕುಗಳು ಅವರನ್ನು ಹಿಡಿದದ್ದು ಕಿಂಗ್‌ಫಿಷರ್ ವಿಮಾನ ಕಂಪನಿಯ ಸಾಲಕ್ಕೆ ಅವರು ಹಾಕಿದ್ದ ಜಾಮೀನಿನ ಸಹಿಯಿಂದ. 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿ ಮತ್ತು ಬಡ್ಡಿಯ ವಸೂಲಿಗೆ ಆದೇಶಿಸಿತು. 2021ರ ಜುಲೈ 26ರಂದು ಲಂಡನ್ನಿನ ಹೈಕೋರ್ಟು ಅವರನ್ನು ದಿವಾಳಿಯೆಂದು ಘೋಷಿಸಿತು. ಸಹಿ ಸಮುದ್ರ ದಾಟಿಯೂ ಹಿಂಬಾಲಿಸುತ್ತದೆ, ಘಟ್ಟ ಹತ್ತಿ ಬಾರದೆ ಇದ್ದೀತೇ?

ಜಾಮೀನಿನ ಜೊತೆಗೆ ತೋಟವನ್ನೂ ಅಡವಿಟ್ಟಿದ್ದರೆ 2002ರ ಸರ್ಫೇಸಿ ಕಾಯಿದೆ ಬರುತ್ತದೆ. ಅದರಲ್ಲಿ ಕೋರ್ಟಿನ ಡಿಕ್ರಿಯಿಲ್ಲದೆಯೇ ಬ್ಯಾಂಕು ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಮಾಡಬಹುದು. ಮೊದಲು 60 ದಿನಗಳ ನೋಟಿಸು ಬರಬೇಕು. ಅದಕ್ಕೆ ಲಿಖಿತ ಆಕ್ಷೇಪಣೆ ಕಳುಹಿಸಿದರೆ ಬ್ಯಾಂಕು 15 ದಿನಗಳಲ್ಲಿ ಉತ್ತರ ಕೊಡಬೇಕು. ವಶಕ್ಕೆ ತೆಗೆದುಕೊಳ್ಳುವ ಕ್ರಮ ಕೈಗೊಂಡ ಮೇಲೆ 45 ದಿನಗಳಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಭೂಮಿಗೆ ಈ ಕಾಯಿದೆಯಿಂದ ವಿನಾಯಿತಿ ಇದೆ. ಆದರೆ ಪಹಣಿಯಲ್ಲಿ ಕೃಷಿ ಎಂದು ಬರೆದಿದ್ದರೆ ಸಾಲದು, ಭೂಮಿಯ ಸ್ವರೂಪ ಮತ್ತು ವಾಸ್ತವ ಬಳಕೆಯನ್ನೂ ನೋಡಬೇಕು ಎಂದು ಸುಪ್ರೀಂ ಕೋರ್ಟು 2018ರಲ್ಲಿಯೂ 2023ರಲ್ಲಿಯೂ ಹೇಳಿದೆ. ಕಾಫಿ ತೋಟಗಳಿಗೂ ಇಂಥ ನೋಟಿಸುಗಳು ಬಂದು, ತೋಟಗಳನ್ನು ಈ ಕಾಯಿದೆಯಿಂದ ಹೊರಗಿಡಬೇಕೆಂದು ಬೆಳೆಗಾರರ ಸಂಘಟನೆಗಳು ಸರ್ಕಾರವನ್ನು ಕೇಳಿಕೊಂಡಿವೆ. ಆದುದರಿಂದ “ತೋಟವಲ್ಲವೇ, ಯಾರೂ ಮುಟ್ಟಲಾರರು” ಎಂಬ ಧೈರ್ಯದ ಮೇಲೆ ಯಾರೂ ಸಹಿ ಹಾಕಬಾರದು. ಸಹಿ ಹಾಕಲೇಬೇಕಾದರೆ ಜಾಮೀನಿನ ಮೊತ್ತಕ್ಕೆ ಮಿತಿ ಬರೆಸಿ, ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ.

ಬೆಳೆಗಾರನೇ ಸೋತರೆ

ಕಂಪನಿಗೆ ಹೊಸ ಆರಂಭ ಕೊಡುವ ಈ ಕಾನೂನು, ಸ್ವಂತ ಸಾಲದಲ್ಲಿ ಮುಳುಗಿದ ಸಾಮಾನ್ಯ ವ್ಯಕ್ತಿಗೆ ಏನು ಕೊಟ್ಟಿದೆ? ವ್ಯಕ್ತಿಗಳ ಸಾಲಕ್ಕೆಂದು ಸಂಹಿತೆಯಲ್ಲಿ ಒಂದು ಭಾಗವಿದೆ. ಅದು ಜಾಮೀನುದಾರರ ಮಟ್ಟಿಗೆ ಜಾರಿಯಾಯಿತೇ ಹೊರತು ರೈತನಿಗೂ ಅಂಗಡಿಯವನಿಗೂ ತಲುಪಿಲ್ಲ. ನಮಗೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ, ನಮ್ಮ ತಾತಂದಿರು ನಾದಾರಿ ಅರ್ಜಿ ಎನ್ನುತ್ತಿದ್ದುದು. ಸಾಲ 500 ರೂಪಾಯಿ ಇದ್ದರೆ ಅರ್ಜಿ ಹಾಕಬಹುದು ಎಂಬ ಅದರ ಅಂಕೆಯೇ ಅದರ ವಯಸ್ಸನ್ನು ಹೇಳುತ್ತದೆ. ಸಂಹಿತೆಗೆ ತಿದ್ದುಪಡಿ ತರುವ ಮಸೂದೆಯೊಂದು 2025ರ ಆಗಸ್ಟ್ 12ರಂದು ಲೋಕಸಭೆಯಲ್ಲಿ ಮಂಡಿತವಾಯಿತು. ಅದರ ಮುಖ್ಯ ಗಮನವೂ ಕಂಪನಿಗಳ ಕಡೆಗೇ. ಬೆಳೆ ನಾಶದಿಂದಲೋ ದರ ಕುಸಿತದಿಂದಲೋ ಸೋತ ಸಣ್ಣ ಹಿಡುವಳಿದಾರನಿಗೆ ಮರ್ಯಾದೆಯಿಂದ ಸಾಲ ಮುಗಿಸಿಕೊಳ್ಳುವ ದಾರಿಯೊಂದು ಬೇಕೆಂದು ನಮ್ಮ ಸಂಘಟನೆಗಳು ಕೇಳಬೇಕಾದ ಕಾಲ ಬಂದಿದೆ. ಸಾಲ ಮನ್ನಾಕ್ಕಿಂತ ಇದು ಬಾಳಿಕೆಯ ಮಾತು.

ಕೊನೆಯದಾಗಿ, ನಮ್ಮ ಎರಡನೆಯ ಸದಸ್ಯರು ಈಚೆಗೆ ಮತ್ತೆ ಕಚೇರಿಗೆ ಬಂದಿದ್ದರು. ಈ ಸಲದ ಚೆರಿ ಕಾಫಿಯನ್ನು ಇಡಲು ಹೋಗುವ ಮುಂಚೆ ಚೀಟಿಯ ಮೇಲೆ ಏನು ಬರೆಸಬೇಕು ಎಂದು ಕೇಳಿದರು. ಬರೆದುಕೊಟ್ಟೆವು. ಅದೇ ಒಕ್ಕಣೆಯ ಮಾದರಿ ಚೀಟಿಯ ಪ್ರತಿಗಳು, ‘ಬಿ’ ನಮೂನೆಯ ಪ್ರತಿಗಳೊಡನೆ, ಸಂಘದ ಕಚೇರಿಯಲ್ಲಿ ದೊರೆಯುತ್ತವೆ. ಜಾಮೀನು ಪತ್ರಕ್ಕೆ ಸಹಿ ಹಾಕುವ ಮುನ್ನ ಯಾವ ಸದಸ್ಯರಾದರೂ ಅದನ್ನು ತಂದು ತೋರಿಸಬಹುದು, ಕೂಡಿ ಕುಳಿತು ಓದೋಣ, ಅಗತ್ಯವಿದ್ದರೆ ವಕೀಲರನ್ನು ಕೇಳೋಣ. ಕೊಯ್ಲಿನ ಕೆಲಸದ ನಡುವೆ ಪುರುಸೊತ್ತು ಇರುವುದಿಲ್ಲವೆಂದು ಬಲ್ಲೆವು. ಆದರೂ ಕೊಯ್ದದ್ದು ಕೈಸೇರಬೇಕಾದರೆ ಈ ಹತ್ತು ನಿಮಿಷವೂ ಕೊಯ್ಲಿನ ಕೆಲಸವೇ ಎಂದು ಭಾವಿಸಬೇಕಾಗಿ ವಿನಂತಿ.